ಗೈರಾದವರ ಪಾತ್ರ ಸಾಯಬಾರದು

ಬೋಧನಾಭ್ಯಾಸಕ್ಕೆ ಹೋಗುವ ಮುನ್ನ ನಾವೆಲ್ಲ ಪಾಠಯೋಜನೆ ಬರೆಯುತ್ತೇವೆ. ಕಲಿಕಾಂಶ, ಬೋಧನೋಪಕರಣ, ಚಟುವಟಿಕೆ, ಮೌಲ್ಯಮಾಪನ ಎಂದು ಅಂಕಣ ಹಾಕುತ್ತೇವೆ. ಚಟುವಟಿಕೆಯ ಅಂಕಣದಲ್ಲಿ 'ಆಟದ ಮೂಲಕ ಕಲಿಕೆ' ಎಂದು ಮೂರು ಪದ ಬರೆದರೆ ಮುಗಿಯಿತು. ಆ ಆಟದ ನಿಯಮ ಏನು, ಅದನ್ನು ಮಾಡಿದವರು ಯಾರು, ಆ ನಿಯಮದಿಂದ ಯಾವ ಮಗು ಆಟದ ಹೊರಗೆ ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಆಟದ ನಿಯಮ ರೂಪಿಸುವುದೂ ಬೋಧನೆಯ ಭಾಗವೇ, ಅದನ್ನು ಮಕ್ಕಳ ಜೊತೆ ಕೂತು ರೂಪಿಸಬೇಕು ಎಂಬುದು ನನ್ನ ಅಭಿಪ್ರಾಯ. ದೇವದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆ ಮತ್ತು ಮಾನ್ವಿ ಕಡೆಯ ಇನ್ನೊಂದು ಶಾಲೆಯಲ್ಲಿ 9ನೇ ತರಗತಿಯ ಮಕ್ಕಳೊಂದಿಗೆ ಒಂದು ಆಟ ಆಡಿಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಆಟದ ಮೂಲ ಹೊರಗಿನದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಅದರಲ್ಲಿ ಆಡುವವರು ಒಂದು ಕಲ್ಪಿತ ಲೋಕದ ಪಾತ್ರಗಳಾಗುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಬಾಯಿಂದ ಹೇಳುತ್ತಾರೆ, ಸಂಶಯವಿದ್ದಲ್ಲಿ ದಾಳ ಉರುಳುತ್ತದೆ. ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಯಲಾಟದ ಭಾಗವತರು ಪಾತ್ರಗಳನ್ನು ಮಾತನಾಡಿಸುತ್ತಾ ಕಥೆ ಮುಂದಕ್ಕೆ ಒಯ್ಯುವುದನ್ನು ಕಂಡವರಿಗೆ ಅರ್ಧ ಆಟ ಆಗಲೇ ಗೊತ್ತು. ಹಾಗಾಗಿ ಕಥೆ ನಡೆಸುವವರನ್ನು ನಾವು ಭಾಗವತರು ಎಂದೇ ಕರೆದೆವು.

ಪುಸ್ತಕದಲ್ಲಿ ಅಚ್ಚಾದ ನಿಯಮಗಳ ಜೊತೆಗೆ ಪ್ರತಿ ಗುಂಪೂ ತನ್ನದೇ ನಿಯಮ ಸೇರಿಸಿಕೊಳ್ಳುವುದು ಈ ಆಟದ ರೂಢಿ. ಅವನ್ನು 'ಮನೆ ನಿಯಮ' ಎನ್ನಬಹುದು. ಇದೂ ನಮಗೆ ಹೊಸದಲ್ಲ. ಚೌಕಾಬಾರ ಆಡಲು ಕೂತರೆ ಮೊದಲ ಹತ್ತು ನಿಮಿಷ ನಿಯಮದ ಜಗಳಕ್ಕೇ ಹೋಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ? ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದೇ? 'ನಮ್ಮೂರಾಗ ಹಿಂಗಿಲ್ಲ' ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಕೊನೆಗೆ ಎಲ್ಲರೂ ಒಪ್ಪಿದ್ದೇ ಆವತ್ತಿನ ನಿಯಮ. ಈ ಒಪ್ಪಂದ ಮಾಡಿಕೊಳ್ಳುವ ಅಭ್ಯಾಸವನ್ನು ಮಕ್ಕಳು ಕಟ್ಟೆಯ ಮೇಲೆ ಕಲಿತೇ ಶಾಲೆಗೆ ಬಂದಿರುತ್ತಾರೆ. ನಾವು ಅದನ್ನು ತರಗತಿಯ ಬಾಗಿಲಲ್ಲೇ ಬಿಡಿಸುತ್ತೇವೆ.

ನಮ್ಮ ಕಥೆಗೆ ರಾಯಚೂರು ಕೋಟೆಯೇ ಆಧಾರ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ದೃಶ್ಯವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಎರಡು ನದಿಗಳ ನಡುವಿನ ಒಂದು ಕಲ್ಪಿತ ರಾಜ್ಯ. ಮಳೆಗಾಲ ಬರುವುದರೊಳಗೆ ನಿದ್ದೆಹೋದ ರಾಕ್ಷಸನಂಥ ಒಂದು ಬಂಡೆಯನ್ನು ಗುಡ್ಡದ ಮೇಲಿನ ಬಾಗಿಲಿಗೆ ಮುಟ್ಟಿಸಬೇಕು. ಆರು ಮಂದಿಯ ಒಂದೊಂದು ತಂಡದಲ್ಲಿ ಕಮ್ಮಾರ, ವೈದ್ಯೆ, ಬಂಡಿಕಾರ, ಕಾಲುವೆ ಕಾಯುವವಳು, ಮಂತ್ರಗಾತಿ, ದಾರಿಕಾರ. ಪಾಠ 'ಬಲ, ಘರ್ಷಣೆ, ಕೆಲಸ'. ದಾಳದ ಬದಲು ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ಸಾಧಾರಣ ಕೆಲಸಕ್ಕೆ ಎರಡು ಅಥವಾ ಹೆಚ್ಚು ಬಿಳಿ ಬೀಳಬೇಕು, ಕಠಿಣ ಕೆಲಸಕ್ಕೆ ಮೂರು ಅಥವಾ ಹೆಚ್ಚು. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಎಂದು ಹಿಡಿದರೆ 16 ಸಾಧ್ಯತೆಗಳಲ್ಲಿ ಮೊದಲನೆಯದಕ್ಕೆ 11, ಎರಡನೆಯದಕ್ಕೆ 5. ಬೀಜ ನಿಜವಾಗಿ ಸಮನಾಗಿ ಬೀಳುತ್ತದೆಯೇ ಎಂದು ನೂರು ಸಲ ಹಾಕಿ ನೋಡಿ ಎಂದರೆ, 10ನೇ ತರಗತಿಯ ಸಂಭವನೀಯತೆಗೆ ಒಂದು ವರ್ಷ ಮೊದಲೇ ಬುನಾದಿ ಬೀಳುತ್ತದೆ.

ಇಷ್ಟನ್ನು ಭಾಗವತರು ಮನೆಯಲ್ಲೇ ಸಿದ್ಧಮಾಡಿಕೊಂಡು ಬರಬಹುದು. ಮುಂದಿನ ಮೂರು ನಿಯಮ ಮಾತ್ರ ತರಗತಿಯಲ್ಲೇ ಹುಟ್ಟಬೇಕಾದವು.

ಮೊದಲನೆಯದು ಗೈರುಹಾಜರಿಯದು. ಈ ಆಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಹದಿನೈದು ದಿನಕ್ಕೊಂದು ಅವಧಿಯಂತೆ ಮುಂದುವರಿಯುತ್ತದೆ. ಸಾಮಾನ್ಯ ರೂಢಿಯಲ್ಲಿ ಬಾರದ ಆಟಗಾರನ ಪಾತ್ರವನ್ನು ಬೇರೆಯವರು ಆಡಿಸುತ್ತಾರೆ, ಇಲ್ಲವೇ ಕಥೆಯಿಂದ ಕೈಬಿಡುತ್ತಾರೆ. ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಹಾಗೆ ಮಾಡಿದರೆ ಎಷ್ಟು ಪಾತ್ರಗಳನ್ನು ಸಾಯಿಸಬೇಕಾದೀತು? 'ಅವ ಬಂದಿಲ್ರೀ ಸರ್, ಹತ್ತಿ ಬಿಡ್ಸಾಕ ಹೋಗ್ಯಾನ್ರೀ' ಎಂಬ ಉತ್ತರ ಹಾಜರಿ ಕರೆಯುವಾಗ ದಿನಾಲೂ ಕೇಳುತ್ತದೆ. ಕೆಲವು ಮಕ್ಕಳು ತಂದೆತಾಯಿಯ ಜೊತೆ ದುಡಿಯಲು ದೂರದ ಊರಿಗೇ ಹೋಗಿಬಿಡುತ್ತಾರೆ.

ಮಕ್ಕಳು ಸೇರಿ ಮಾಡಿದ ನಿಯಮ ಹೀಗಿತ್ತು: ಗೈರಾದವರ ಪಾತ್ರ ಸಾಯುವುದಿಲ್ಲ, ಬೇರೆಯವರು ಅದನ್ನು ಆಡುವುದೂ ಇಲ್ಲ. ಆ ಪಾತ್ರ ದೂರದ ಊರಿಗೆ ಹೋಗಿದೆ ಎಂದೇ ಕಥೆಯಲ್ಲಿ ಸೇರಿಸಬೇಕು. ತಿರುಗಿ ಬಂದ ದಿನ ಆ ಊರಿನಲ್ಲಿ ಕಂಡ ಒಂದು ಸಂಗತಿಯನ್ನು ಹೇಳಬೇಕು, ತಂಡ ಅದನ್ನು ಬಳಸಿಕೊಳ್ಳಬೇಕು.

ಎರಡು ವಾರ ಬಿಟ್ಟು ಬಂದ ಒಬ್ಬ ಹುಡುಗ, ಬಂಡೆಯನ್ನು ಹೇಗೆ ಎತ್ತುವುದೆಂದು ತಂಡ ತಲೆಕೆಡಿಸಿಕೊಂಡಿದ್ದಾಗ ಹೇಳಿದ: 'ಹತ್ತಿ ಅಂಡಿಗಿ ನೆಟ್ಟಗ ಎತ್ತಾಕ ಆಗಂಗಿಲ್ರೀ. ಹಲಗಿ ವಾರಿ ಇಟ್ಟು ಉಳ್ಳಿಸ್ಕೋತ ಟ್ರ್ಯಾಕ್ಟರಿಗೆ ಏರಿಸ್ತಾರ.' ಇಳಿಜಾರು ಹಲಗೆಯಲ್ಲಿ ಬಲ ಕಡಿಮೆ ಸಾಕು, ದೂರ ಹೆಚ್ಚಾಗುತ್ತದೆ ಎಂಬುದನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲೇ ಅವನ ತಂಡ ಗುಡ್ಡಕ್ಕೆ ಬಳಸುದಾರಿ ಹಾಕಿತ್ತು. 'ದೂರ ಹೆಚ್ಚಾದರೆ ಕೆಲಸವೂ ಹೆಚ್ಚಾಯಿತಲ್ಲ?' ಎಂದು ಪಕ್ಕದ ತಂಡದವರು ಕೇಳಿದರು. ಘರ್ಷಣೆಯನ್ನು ಬಿಟ್ಟರೆ ಕೆಲಸ ಅಷ್ಟೇ ಎಂಬ ಪಾಠದ ತಿರುಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿರಲಿಲ್ಲ.

ಈ ನಿಯಮದಿಂದ ಹುಡುಗನ ಹಾಜರಿ ತುಂಬುವುದಿಲ್ಲ. ಮಗು ಕೂಲಿಗೆ ಹೋಗುವುದನ್ನು ನಾನು ಸಮರ್ಥಿಸುತ್ತಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. 9ನೇ ತರಗತಿಯ ಮಕ್ಕಳು ಆ ಅಂಚಿನಲ್ಲೇ ನಿಂತಿರುತ್ತಾರೆ. ಬಿಟ್ಟುಹೋದ ಮಗು ತಿರುಗಿ ಬಂದಾಗ 'ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ?' ಎಂಬ ಪ್ರಶ್ನೆ ಎದುರಾದರೆ, ಅದು ಮತ್ತೆ ಹೋಗಲು ಇನ್ನೊಂದು ಕಾರಣ ಸಿಕ್ಕಂತೆ. ಅದಕ್ಕೊಂದು ಜಾಗ ಕಾದಿದ್ದರೆ ಉಳಿಯಲು ಒಂದು ಕಾರಣ ಸಿಗುತ್ತದೆ.

ಎರಡನೆಯದು ಸರದಿಯ ನಿಯಮ. ಮಾನ್ವಿ ಕಡೆಯ ಶಾಲೆಯಲ್ಲಿ ಮುಂದಿನ ಬೆಂಚಿನ ತಂಡದಿಂದ ಆಟ ಶುರುವಾಗುತ್ತಿತ್ತು. 40 ನಿಮಿಷದ ಅವಧಿಯಲ್ಲಿ ಹಿಂದಿನ ತಂಡದ ಸರದಿ ಬರುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಹಿಂದೆ ಕೂತಿದ್ದ ಹುಡುಗಿಯೊಬ್ಬಳು 'ನಮ್ಮದು ಕೊನೀ ಭಾಗರೀ, ನೀರು ಮುಟ್ಟಂಗಿಲ್ಲ' ಎಂದಳು. ಇಡೀ ತರಗತಿ ನಕ್ಕಿತು, ಯಾರಿಗೂ ವಿವರಣೆ ಬೇಕಾಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಬರುವಷ್ಟರಲ್ಲಿ ನೀರು ಸೊರಗುವುದು ಆ ಮಕ್ಕಳ ಮನೆಯ ಮಾತು. ಒಂದು ಸಲ ಮುಂದಿನಿಂದ, ಇನ್ನೊಂದು ಸಲ ಹಿಂದಿನಿಂದ ಶುರುಮಾಡಬೇಕು ಎಂದು ಅವರೇ ತೀರ್ಮಾನಿಸಿದರು. ಒಂದು ತಂಡದಲ್ಲಿ ಒಬ್ಬರು ಮಾತನಾಡಿದ ಮೇಲೆ ಇನ್ನೊಬ್ಬರು ಮಾತನಾಡುವ ತನಕ ಮೊದಲಿನವರು ಸುಮ್ಮನಿರಬೇಕು ಎಂಬುದನ್ನೂ ಸೇರಿಸಿದರು. ಸಮಾನ ಅವಕಾಶದ ಬಗ್ಗೆ ನಾವು ಶಿಕ್ಷಣಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ಆ ತರಗತಿ ಅದನ್ನು ಎರಡು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿತು.

ಮೂರನೆಯದು ಮಂತ್ರದ ನಿಯಮ. ವಿಜ್ಞಾನದ ತರಗತಿಯಲ್ಲಿ ಮಂತ್ರಗಾತಿಗೆ ಏನು ಕೆಲಸ, ಇದರಿಂದ ಮೂಢನಂಬಿಕೆ ಬೆಳೆಯುವುದಿಲ್ಲವೇ ಎಂದು ಸಹಪಾಠಿಗಳು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಈ ನಿಯಮ: ಮಂತ್ರ ಬಳಸುವವರು ಅದಕ್ಕೆ ಎಷ್ಟು ಖರ್ಚು, ಅದರಿಂದ ಏನು ಆಗುವುದಿಲ್ಲ ಎಂದು ಮೊದಲೇ ಬರೆದುಕೊಡಬೇಕು. ಬಂಡೆಯನ್ನು ಹಗುರ ಮಾಡುವ ಮಂತ್ರಕ್ಕೆ ಊರಿನ ಹತ್ತು ಚೀಲ ಜೋಳ ಖರ್ಚಾಗುತ್ತದೆ ಎಂದು ಒಂದು ತಂಡ ಬರೆಯಿತು. ಜೋಳ ಉಳಿಸಲೆಂದು ಅವರು ಮಂತ್ರ ಬಿಟ್ಟು ಉರುಳುಗಂಬ ಹುಡುಕಿದರು. ಪ್ರತಿ ಅವಧಿಯ ಕೊನೆಗೆ ಐದು ನಿಮಿಷ, ಇವತ್ತಿನ ಕಥೆಯಲ್ಲಿ ನಿಜ ಲೋಕದಲ್ಲಿ ಆಗದ್ದು ಯಾವುದು, ಏಕೆ ಆಗದು ಎಂಬ ಚರ್ಚೆ ಕಡ್ಡಾಯ. ಕಲ್ಪನೆಯ ಗೆರೆ ಎಲ್ಲಿದೆ ಎಂದು ತಾವೇ ಎಳೆದು ನೋಡಿದ ಮಕ್ಕಳು, ಆ ಗೆರೆ ಅಳಿಸಿದವರನ್ನು ಮುಂದೆ ಪ್ರಶ್ನಿಸಬಲ್ಲರು ಎಂಬ ನಂಬಿಕೆ ನನ್ನದು.

ಸಮಯದ ಆಕ್ಷೇಪವೂ ಇದೆ. ಪಾಠಗಳನ್ನು ಮುಗಿಸಬೇಕು, ಪರೀಕ್ಷೆ ಎದುರಿಗಿದೆ, ಅರವತ್ತು ಮಕ್ಕಳಿದ್ದಾರೆ. ಹಾಗಾಗಿ ಎಲ್ಲ ಪಾಠಕ್ಕೂ ಇದು ಬೇಡ. ಹದಿನೈದು ದಿನಕ್ಕೊಂದು ಅವಧಿ, ಒಂದು ಹಾಳೆಯಲ್ಲಿ ಹಿಡಿಸುವಷ್ಟೇ ನಿಯಮ, ಒಂದು ಅವಧಿಯಲ್ಲಿ ಒಂದೇ ನಿಯಮದ ತಿದ್ದುಪಡಿ ಸಾಕು. ಗದ್ದಲ ಆಗುತ್ತದೆ ಎಂಬ ಮಾತೂ ನಿಜ. ಸಹಪಾಠಿ ಅವಲೋಕನದ ನಮೂನೆಯಲ್ಲಿ ತರಗತಿ ನಿರ್ವಹಣೆಗೆ ಅಂಕ ಕೊಡುವಾಗ ನಾವು ಹೆಚ್ಚಾಗಿ ಮೌನಕ್ಕೇ ಅಂಕ ಕೊಡುತ್ತೇವೆ. ಮಕ್ಕಳು ತಾವೇ ಮಾಡಿದ ನಿಯಮಕ್ಕಾಗಿ ವಾದಿಸುವ ಗದ್ದಲಕ್ಕೂ ಅಂಕ ಬೇಕು.

ನಮ್ಮ ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಒಂದು ಪುಟ ಹೆಚ್ಚಿಸಬೇಕೆಂದು ಕೋರುತ್ತೇನೆ. ಅದರಲ್ಲಿ ಮೂರೇ ಪ್ರಶ್ನೆ ಇರಲಿ: ಇವತ್ತಿನ ಚಟುವಟಿಕೆಯಲ್ಲಿ ಹೊರಗುಳಿದವರು ಯಾರು? ಯಾವ ನಿಯಮದಿಂದ ಹೊರಗುಳಿದರು? ಆ ನಿಯಮವನ್ನು ಮಕ್ಕಳು ಹೇಗೆ ಬದಲಾಯಿಸಿದರು? ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಹತ್ತಿ ಬಿಡಿಸುವ ಕಾಲದಲ್ಲೇ ದೇವದುರ್ಗದ ಶಾಲೆಗಳಿಗೆ ಹೋಗುವವರಿದ್ದಾರೆ. ಅವರ ಕೈಗೆ ಈ ಪುಟ ಸಿಕ್ಕರೆ, ಮೊದಲ ಅವಧಿಯಲ್ಲೇ ಗೈರುಹಾಜರಿಯ ನಿಯಮವನ್ನು ಮಕ್ಕಳ ಮುಂದಿಡಬಹುದು.