ಸೆರಗಿನ ಗಂಟೂ ಅಂಗೈಯ ಯಂತ್ರವೂ

ಸಂತೆಗೆ ಹೊರಟ ಹೆಂಗಸರು, ತರಲೇಬೇಕಾದ ಪದಾರ್ಥವಾಗಲಿ ತಿಳಿಸಲೇಬೇಕಾದ ಮಾತಾಗಲಿ ಮರೆತುಹೋಗದಿರಲೆಂದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ಆ ಗಂಟು ಹೇಳುತ್ತಿದ್ದುದು ಇಷ್ಟೇ: ಏನೋ ಒಂದಿದೆ, ಜ್ಞಾಪಿಸಿಕೊ. ಆ ಏನೋ ಒಂದು ಹರಳೆಣ್ಣೆಯೋ, ಮಗುವಿಗೆ ತೇಯುವ ಬಜೆಬೇರೋ, ತವರಿಗೆ ಕಳುಹಬೇಕಾದ ಸಮಾಚಾರವೋ ಎಂಬುದನ್ನು ಆಕೆಯೇ, ಅಂಗಡಿಯ ಮುಂದೆ ಅರೆನಿಮಿಷ ನಿಂತು, ತನ್ನ ಚಿತ್ತದೊಳಗಿಂದ ಎತ್ತಿ ತರಬೇಕಾಗಿತ್ತು. ಎಚ್ಚರಿಸುವ ಕೆಲಸವನ್ನು ಗಂಟು ಮಾಡಿತು. ನೆನೆಯುವ ಶ್ರಮವನ್ನು ಆಕೆಗೇ ಬಿಟ್ಟಿತು.

ಇಂದು ನಮ್ಮ ಅಂಗೈಯಲ್ಲಿರುವ ಸ್ಮಾರ್ಟ್‌ಫೋನು ಆ ಶ್ರಮವನ್ನೂ ತಾನೇ ವಹಿಸಿಕೊಂಡಿದೆ. ಒಡಹುಟ್ಟಿದವರ ದೂರವಾಣಿ ಸಂಖ್ಯೆ, ನೆಂಟರ ಮನೆಯ ದಾರಿ, ಹಾಲಿನವನಿಗೆ ಸಲ್ಲಬೇಕಾದ ಬಾಕಿ, ಹಿರಿಯರ ತಿಥಿ, ಕಿರಿಯರ ಹುಟ್ಟುಹಬ್ಬ, ಎಲ್ಲವೂ ಅದರ ವಶ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಚಾರ್ಜು ತೀರಿದ ಫೋನನ್ನು ಹಿಡಿದು ನಿಂತ ಯುವಕನು, ಪಕ್ಕದವರು ಸೌಜನ್ಯದಿಂದ ತಮ್ಮ ಫೋನನ್ನು ನೀಡಿದಾಗಲೂ, ಹೆತ್ತ ತಾಯಿಯ ಹತ್ತಂಕಿಯ ನಂಬರನ್ನು ಹೇಳಲಾರದೆ ಸಂಕಟಪಡುವುದು ಈಗ ಅಪೂರ್ವವಾದ ಸಂಗತಿಯೇನೂ ಆಗಿ ಉಳಿದಿಲ್ಲ. ಆತನ ಬುದ್ಧಿಗೆ ಯಾವ ಕೊರತೆಯೂ ಇಲ್ಲ; ಆ ಅಂಕಿಗಳನ್ನು ನೆನೆದು ಒತ್ತಬೇಕಾದ ಪ್ರಸಂಗವೇ ಆತನಿಗೆ ಎಂದೂ ಒದಗಿಬಂದಿಲ್ಲ.

ಯಂತ್ರವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಒಂಟಿಯಾಗಿ ಬಾಳುವ ವೃದ್ಧರಿಗೆ ರಕ್ತದೊತ್ತಡದ ಗುಳಿಗೆಯ ಹೊತ್ತನ್ನು ತಪ್ಪದೆ ಸಾರುವ ಫೋನು ನಿಜವಾದ ಉಪಕಾರಿ. ಐವತ್ತು ದಾಟಿದವರನ್ನು ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯೂ, ಇಂಥ ಸಾಧನಗಳನ್ನು ಬಳಸುವವರಲ್ಲಿ ಬುದ್ಧಿಶಕ್ತಿಯ ಕ್ಷಯ ಕಡಿಮೆಯಾಗಿಯೇ ಕಂಡುಬರುತ್ತದೆಂದು ತಿಳಿಸಿತು. ಆದುದರಿಂದ ಫೋನು ಮೆದುಳನ್ನೇ ಕೆಡಿಸುತ್ತದೆಂದು ಬೊಬ್ಬೆಯಿಡುವವರೊಡನೆ ನಾನು ದನಿಗೂಡಿಸಲಾರೆ. ನನ್ನ ವ್ಯಥೆಯೆಲ್ಲ ಆ ಅರೆನಿಮಿಷದ ಶ್ರಮವನ್ನು ಕುರಿತದ್ದು.

ಏಕೆಂದರೆ ನೆನಪು ಬಲಿಯುವುದು ಆ ಶ್ರಮದಿಂದಲೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಗದ್ಯಭಾಗವನ್ನು ಓದಿದ ವಿದ್ಯಾರ್ಥಿಗಳ ಪೈಕಿ ಕೆಲವರು ಅದನ್ನೇ ಮತ್ತೆ ಓದಿದರು; ಮಿಕ್ಕವರು ಪುಟವನ್ನು ನೋಡದೆ ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷ ಕಳೆದು ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈಯಾಯಿತು. ವಾರ ಕಳೆದು ಪರೀಕ್ಷಿಸಿದಾಗ ನೆನೆದು ಬರೆದವರು ಬಹಳ ಮುಂದಿದ್ದರು. ಮನಶ್ಶಾಸ್ತ್ರಜ್ಞೆ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು: ಕಂಪ್ಯೂಟರಿನಲ್ಲಿ ಭದ್ರವಾಗಿ ಉಳಿಯುವುದೆಂದು ನಂಬಿದ ಸಂಗತಿಯನ್ನು ಜನರು, ಅಳಿಸಿಹೋಗುವುದೆಂದು ನಂಬಿದ ಸಂಗತಿಗಿಂತ ಕಡಿಮೆ ನೆನಪಿಡುತ್ತಾರೆ. ಬೇರೊಂದೆಡೆ ಉಂಟೆಂಬ ಭರವಸೆಯೊಂದೇ ಸಾಕು, ಮನಸ್ಸು ಕೈಚೆಲ್ಲಿಬಿಡುತ್ತದೆ.

ಮನಸ್ಸು ಕೈಚೆಲ್ಲದಿದ್ದಾಗ ಏನಾಗುತ್ತಿತ್ತೆಂಬುದನ್ನು ಹಳೆಯ ಉಡುಪಿ ಹೋಟೆಲುಗಳಲ್ಲಿ ಕುಳಿತೆದ್ದವರೆಲ್ಲರೂ ಬಲ್ಲರು. ಅಲ್ಲಿಯ ಮಾಣಿಯು ತಿಂಡಿಗಳ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, ನಾಲ್ಕು ಮೇಜುಗಳಲ್ಲಿ ಯಾರಿಗೆ ಖಾಲಿದೋಸೆ, ಯಾರಿಗೆ ಸಕ್ಕರೆ ಕಡಿಮೆಯ ಕಾಫಿ ಎಂಬುದನ್ನು ಚೀಟಿಯ ಹಂಗಿಲ್ಲದೆ ಒಳಕ್ಕೆ ಕೂಗಿ ಹೇಳಿ, ಗಿರಾಕಿಯು ಕೈತೊಳೆದು ಗಲ್ಲಾದ ಬಳಿಗೆ ಬರುವಷ್ಟರಲ್ಲಿ ಅವನ ಲೆಕ್ಕವನ್ನು ದೂರದಿಂದಲೇ ಸಾರುತ್ತಿದ್ದನು. ದಿನಕ್ಕೆ ನೂರು ಸಾರಿ ನೆನೆಯಬೇಕಾದುದರಿಂದಲೇ ಅವನಿಗೆ ಆ ಸಾಮರ್ಥ್ಯ ಕೈಗೂಡಿತ್ತು.

ಇನ್ನೂ ಎತ್ತರದ ನಿದರ್ಶನ ಬೇಕೆಂದರೆ ತುಳುನಾಡಿನತ್ತ ನೋಡಬೇಕು. ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಕಾರದಿಂದ 1990ರ ಡಿಸೆಂಬರಿನಲ್ಲಿ ಹಾಡುಗಾರರಾದ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವೆಂಬ ತುಳು ಮೌಖಿಕ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ಹಲವು ದಿನ ನಡೆದ ಆ ಗಾಯನ 1998ರಲ್ಲಿ ಗ್ರಂಥರೂಪ ತಾಳಿದಾಗ 15,683 ಸಾಲುಗಳಾದವು. ನಾಯ್ಕರು ಇಷ್ಟನ್ನೂ ಅಕ್ಷರಶಃ ಉರುಹೊಡೆದಿದ್ದರೆಂದು ಭಾವಿಸುವುದು ತಪ್ಪು. ಕಥೆಯ ಘಟನೆಗಳೂ ವರ್ಣನೆಯ ನುಡಿಕಟ್ಟುಗಳೂ ಅವರ ಮನಸ್ಸಿನಲ್ಲಿ ಸಜೀವವಾಗಿ ಹೆಣೆದುಕೊಂಡಿದ್ದು, ಸಂದರ್ಭಕ್ಕೆ ತಕ್ಕಂತೆ ಕಿರಿದೂ ಹಿರಿದೂ ಆಗಿ ಹೊರಬರುತ್ತಿದ್ದುವೆಂದು ಹಾಂಕೊ ವಿವರಿಸಿದ್ದಾರೆ. ಅಂದಮೇಲೆ ಸ್ಮೃತಿಯೆಂಬುದು ಸಾಮಾನು ತುಂಬಿಟ್ಟ ಕೋಣೆಯಂಥದಲ್ಲ. ನೆನೆದಷ್ಟೂ ಹೊಸದಾಗಿ ಕಟ್ಟಿಕೊಳ್ಳುವ ಕ್ರಿಯೆ ಅದು. ಫೋನಿನಲ್ಲಿ ಧ್ವನಿಮುದ್ರಿಕೆಯಾಗಿ ಪಾಡ್ದನ ಉಳಿಯುವುದೆಂಬುದು ನಿಜವೇ. ಆದರೆ ಅದು ತಾನಾಗಿ ಒಂದು ಸಾಲನ್ನೂ ಹಿಗ್ಗಿಸಲಾರದು.

ದಾರಿಯ ವಿಷಯದಲ್ಲಿಯೂ ಹೀಗೆಯೇ. ಚೇರಿಂಗ್ ಕ್ರಾಸಿನ ಸುತ್ತಲಿನ ಸುಮಾರು 25,000 ಬೀದಿಗಳನ್ನು ಕಲಿತು ಪರವಾನಗಿ ಪಡೆಯುವ ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ, ಸ್ಥಳಜ್ಞಾನಕ್ಕೆ ಸಂಬಂಧಿಸಿದ ಮೆದುಳಿನ ಭಾಗವೊಂದರ ಹಿಂಬದಿಯು ಇತರರಿಗಿಂತ ಹಿಗ್ಗಿರುವುದನ್ನು ನರವಿಜ್ಞಾನಿ ಎಲಿನರ್ ಮಗ್ವೈರ್ 2000ದಲ್ಲಿ ಪ್ರಕಟಿಸಿದರು.

ಹಾಗಾದರೆ ಫೋನನ್ನು ತ್ಯಜಿಸಬೇಕೆ? ಲಿಂಡಾ ಹೆಂಕೆಲ್ ಎಂಬುವರು ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವನ್ನು ಒದಗಿಸುತ್ತದೆ. ಬರಿದೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ನೋಡುಗರ ನೆನಪಿನಲ್ಲಿ ಕಡಿಮೆ ಉಳಿದವು. ಆದರೆ ವಸ್ತುವಿನ ಒಂದು ಅಂಗವನ್ನು ಆರಿಸಿ ಹತ್ತಿರದಿಂದ ಹಿಡಿದಾಗ ನೆನಪು ಕುಂದಲಿಲ್ಲ. ಯಂತ್ರ ಅದೇ, ಕೈಯೂ ಅದೇ. ವ್ಯತ್ಯಾಸವಾದದ್ದು ಮನಸ್ಸು ಕೊಟ್ಟ ಲಕ್ಷ್ಯದಲ್ಲಿ. ಫೋನು ಸೆರಗಿನ ಗಂಟಾಗಿರಲು ಅಡ್ಡಿಯೇನೂ ಇಲ್ಲ. ಹೆಸರೊಂದು ನಾಲಗೆಯ ತುದಿಯಲ್ಲಿ ನಿಂತಾಗ ತಟ್ಟನೆ ಪರದೆಯನ್ನು ತೆರೆಯದೆ ಒಂದಿಷ್ಟು ಹುಡುಕಾಡಿ, ಅನಂತರ ಬೇಕಿದ್ದರೆ ತಾಳೆನೋಡಬಹುದು; ಹೊಸ ಬಡಾವಣೆಗೆ ಹೊರಡುವ ಮುನ್ನ ನಕ್ಷೆಯನ್ನು ಒಮ್ಮೆ ನೋಡಿಕೊಂಡು, ಆಮೇಲೆ ಅರಳೀಕಟ್ಟೆಯನ್ನೋ ನೀರಿನ ಟ್ಯಾಂಕನ್ನೋ ಗುರುತು ಹಿಡಿದು ನಡೆಯಬಹುದು.

ಆದರೆ ನಾವು ದೊಡ್ಡವರು ಹೀಗೆ ತಿದ್ದಿಕೊಳ್ಳಬಲ್ಲೆವಾದರೆ, ಅದಕ್ಕೆ ಕಾರಣ ಬಾಲ್ಯದಲ್ಲಿ ಮಗ್ಗಿಯನ್ನೂ ಸಂವತ್ಸರಗಳ ಹೆಸರನ್ನೂ ಒಪ್ಪಿಸಿ, ನೆನೆಯುವುದೆಂದರೇನೆಂಬ ರುಚಿಯನ್ನು ಒಮ್ಮೆ ಕಂಡಿರುವುದು. ಆ ರುಚಿಯನ್ನೇ ಕಾಣದೆ ಬೆಳೆಯುತ್ತಿರುವ ಮಕ್ಕಳನ್ನು ಕುರಿತು ನನಗೆ ನಿಜವಾದ ಕಳವಳವುಂಟು. ಕಂಠಪಾಠವನ್ನು ಗಿಳಿಪಾಠವೆಂದು ಹೀಗಳೆದು ಶಾಲೆಗಳಿಂದ ಹೊರಗಟ್ಟಿದ ನಮ್ಮ ಶಿಕ್ಷಣತಜ್ಞರು ಅರ್ಥವರಿಯದ ಉರುಹೊಡೆತವನ್ನು ಖಂಡಿಸಿದ್ದು ಸರಿ, ಅದರೊಡನೆ ಸ್ಮರಣೆಯ ಸಾಧನೆಯನ್ನೇ ಕೈಬಿಟ್ಟದ್ದು ಸರಿಯಲ್ಲ. ಒಂದನೆಯ ತರಗತಿಯ ಮಗುವಿಗೆ ಮೊದಲು ತಾಯಿತಂದೆಯರ ನಂಬರುಗಳೂ ಮನೆಯ ವಿಳಾಸವೂ ಬಾಯಿಗೆ ಬರಲಿ. ಜಾತ್ರೆಯ ಜಂಗುಳಿಯಲ್ಲಿ ಕೈತಪ್ಪಿದ ಮಗುವನ್ನು ಪೊಲೀಸಿನವರು ಮೊದಲು ಕೇಳುವುದು ಅದನ್ನೇ. ಅದಾದ ಮೇಲೆ ಮಗ್ಗಿ, ಅದಾದ ಮೇಲೆ ಅರ್ಥ ತಿಳಿದು ಹಾಡುವ ನಾಲ್ಕಾರು ಪದ್ಯ, ಮತ್ತು ವಾರಕ್ಕೊಂದು ದಿನ ತಾನು ಶಾಲೆಗೆ ಬಂದ ದಾರಿಯನ್ನು ತಿರುವು ತಿರುವಾಗಿ ತರಗತಿಯ ಮುಂದೆ ನಿಂತು ವರ್ಣಿಸುವ ಅಭ್ಯಾಸ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಹೊಸ ಪಠ್ಯಪುಸ್ತಕವೂ ಬೇಕಿಲ್ಲ. ಬರುವ ಜೂನಿನಲ್ಲಿಯೇ ಯಾವ ಉಪಾಧ್ಯಾಯರಾದರೂ ಆರಂಭಿಸಬಹುದು.