ವಿದ್ಯುಚ್ಛಕ್ತಿಯ ಹಳೆಯ ಮೂಲಗಳೂ ಹೊಸ ಮೂಲಗಳೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಒಂದು ನಾಡಿನ ಏಳಿಗೆಯನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಅಳತೆಗೋಲುಗಳಲ್ಲಿ ಆ ನಾಡು ಉಪಯೋಗಿಸುವ ಶಕ್ತಿಯ ಪ್ರಮಾಣವೂ ಒಂದು. ಅನ್ನ ಬೇಯಲು ಶಕ್ತಿ ಬೇಕು, ಬಾವಿಯ ನೀರು ಮೇಲೇರಲು ಶಕ್ತಿ ಬೇಕು, ಗಿರಣಿಯ ಚಕ್ರ ತಿರುಗಲು ಶಕ್ತಿ ಬೇಕು. ಈ ಸಂಚಿಕೆ ಅಚ್ಚಾಗಿ ನಮ್ಮ ಕೈ ಸೇರಲೂ ಶಕ್ತಿ ಬೇಕು. ಆ ಶಕ್ತಿ ಎಲ್ಲಿಂದ ಬರಬೇಕೆಂಬುದು ಇಂದು ನಮ್ಮ ದೇಶದ ಮುಂದಿರುವ ದೊಡ್ಡ ಪ್ರಶ್ನೆಗಳಲ್ಲೊಂದು. ಕಲ್ಲಿದ್ದಲು, ಜಲಾಶಯ, ಅಣುಸ್ಥಾವರಗಳೆಂಬ ಸಾಂಪ್ರದಾಯಿಕ ಮೂಲಗಳು ಒಂದು ಕಡೆ. ಬಿಸಿಲು, ಗಾಳಿ, ಸಗಣಿಯ ಅನಿಲವೆಂಬ ಬದಲಿ ಮೂಲಗಳು ಇನ್ನೊಂದು ಕಡೆ. ಇವುಗಳ ಗುಣದೋಷಗಳನ್ನು ತೂಗಿ ನೋಡಿ, ನನಗೆ ತೋರಿದ ನಾಲ್ಕು ಮಾತುಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

"ಇದು ವಿಜ್ಞಾನದವರ ವಿಷಯ, ಇತಿಹಾಸ ಅರ್ಥಶಾಸ್ತ್ರಗಳನ್ನು ಓದುವವನಿಗೆ ಇದರ ಗೊಡವೆ ಏಕೆ?" ಎಂದು ಕೆಲವರು ಕೇಳಬಹುದು. ಯಂತ್ರ ಹೇಗೆ ತಿರುಗುತ್ತದೆಂಬುದು ವಿಜ್ಞಾನದ ಪ್ರಶ್ನೆ, ನಿಜ. ಅದು ಯಾರ ಹೊಲದಲ್ಲಿ ತಿರುಗುತ್ತದೆ, ಯಾರ ಮನೆಗೆ ಬೆಳಕಾಗುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುವು ಮಾತ್ರ ನಮ್ಮ ಪಾಲಿನ ಪ್ರಶ್ನೆಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತುಮಕೂರು ಜಿಲ್ಲೆಯ ಒಣಸೀಮೆಯ ನಮ್ಮ ಹಳ್ಳಿಯಲ್ಲಿ ಕರೆಂಟಿನ ಮಾತು ಬಾರದೆ ಒಂದು ದಿನವೂ ಮುಗಿಯುವುದಿಲ್ಲ. ಆದುದರಿಂದ ಈ ವಿಷಯದ ಮೇಲೆ ಬರೆಯಲು ನನಗೂ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಮೊದಲು ಹಳೆಯ ಮೂಲಗಳನ್ನು ನೋಡೋಣ. ಈ ವಿಷಯದಲ್ಲಿ ನಮ್ಮ ನಾಡಿನ ಇತಿಹಾಸ ಹೆಮ್ಮೆ ಪಡುವಂಥದು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ಆ ಕಾಲಕ್ಕೆ ಅದೊಂದು ಸಾಹಸವೇ ಸರಿ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಮುಂದೆ ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಸಿದ್ಧವಾಗಿ, 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಎದ್ದಿತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ; ಆದರೂ ಹೊರ ರಾಜ್ಯಗಳಿಂದ ರೈಲಿನಲ್ಲಿ ಕಲ್ಲಿದ್ದಲು ತರಿಸಿ, ಕೃಷ್ಣೆಯ ದಡದ ರಾಯಚೂರು ಸ್ಥಾವರ 1985ರಿಂದ ಶಕ್ತಿ ಕೊಡುತ್ತಿದೆ. ಕಾಳಿ ನದಿಯ ದಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಅವುಗಳಲ್ಲೊಂದು 962 ದಿನ ಎಡೆಬಿಡದೆ ನಡೆದು 2018ರಲ್ಲಿ ಜಗತ್ತಿನ ದಾಖಲೆಯನ್ನೇ ಮಾಡಿತು.

ಇವುಗಳ ದೊಡ್ಡ ಗುಣವೆಂದರೆ ನೆಚ್ಚಿಕೆ. ಸೂರ್ಯ ಮುಳುಗಿದ ಮೇಲೂ ಕಲ್ಲಿದ್ದಲು ಉರಿಯುತ್ತದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಬಿಸಿಲಿಗಾಗಿ ಕಾಯಲಾರದು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಾವೂ ಕಾಯಲಾರೆವು. ಆದರೆ ಇವುಗಳ ದೋಷವನ್ನೂ ಮರೆಮಾಚುವಂತಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ. 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ಸುಟ್ಟ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗಿ, ಮಿಕ್ಕದ್ದು ಗಾಳಿಗೂ ನೀರಿಗೂ ಹೋಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚು ಕಡಮೆ ಒಂದು ಕಿಲೋ ಇಂಗಾಲಾಮ್ಲ ವಾಯು ಹೊಗೆಕೊಳವೆಯಿಂದ ಹೊರಬೀಳುತ್ತದೆ. ಭೂಮಿ ಬಿಸಿಯೇರುತ್ತಿರುವುದಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದು. ಜಲವಿದ್ಯುತ್ತಿನಲ್ಲಿ ಹೊಗೆಯಿಲ್ಲ, ಆದರೆ ಅದು ಮಳೆಯ ಕೈಕೆಳಗಿನದು. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ. ಅದೇ ಅಕ್ಟೋಬರಿನಲ್ಲಿ ಪಂಪುಸೆಟ್ಟುಗಳಿಗೆ ಕರೆಂಟು ಸಾಲದೆ ರೈತರು ಬೀದಿಗಿಳಿದುದನ್ನು ನಾವೆಲ್ಲರೂ ಕಂಡಿದ್ದೇವೆ.

ಇನ್ನು ಹೊಸ ಮೂಲಗಳು. ಇವನ್ನು ಹೊಸತೆಂದು ಕರೆಯುವುದೂ ಪೂರ್ತಿ ಸರಿಯಲ್ಲ. ನಮ್ಮ ಅಜ್ಜಿಯರು ಸಂಡಿಗೆ ಒಣಗಿಸಿದುದು ಬಿಸಿಲಿನಿಂದಲೇ, ಕಣದಲ್ಲಿ ರಾಗಿ ತೂರಿದುದು ಗಾಳಿಯಿಂದಲೇ. ಹೊಸತೆಂದರೆ, ಅವುಗಳಿಂದ ವಿದ್ಯುತ್ತನ್ನು ತೆಗೆಯುವ ಉಪಾಯ. ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಪಾವಗಡ ತಾಲ್ಲೂಕಿನ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. 2018ರಲ್ಲಿ ಉದ್ಘಾಟನೆಯಾದ ಇದು ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳ ಪಂಕ್ತಿಗೆ ಸೇರಿದೆ. ಇಲ್ಲಿ ಬೂದಿಯಿಲ್ಲ, ಹೊಗೆಯಿಲ್ಲ, ರೈಲಿನಲ್ಲಿ ಇಂಧನ ತರಿಸುವ ಖರ್ಚಿಲ್ಲ.

ಹಾಗೆಂದು ಇವುಗಳ ಮಿತಿಯನ್ನು ಕಾಣದೆ ಹೊಗಳುವುದು ವಿದ್ಯಾವಂತರ ಲಕ್ಷಣವಲ್ಲ. ಪಾವಗಡದ 2,050 ಮೆಗಾವಾಟು ರಾಯಚೂರಿನ 1,720ಕ್ಕಿಂತ ಹೆಚ್ಚೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಒಂದು ಕಿಲೋವಾಟಿನ ಸೌರಫಲಕ ದಿನಕ್ಕೆ ಕೊಡುವುದು ಸುಮಾರು 4ರಿಂದ 5 ಯೂನಿಟ್; ಅಷ್ಟೇ ಸಾಮರ್ಥ್ಯದ ಉಷ್ಣಸ್ಥಾವರ ಬಿಡುವಿಲ್ಲದೆ ನಡೆದರೆ 24 ಯೂನಿಟ್ ಕೊಡಬಲ್ಲದು. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಸೌರಫಲಕ ಮಲಗುತ್ತದೆ. ಗಾಳಿ ನಮ್ಮ ರಾಜ್ಯದಲ್ಲಿ ಮಳೆಗಾಲದಲ್ಲಿ ಜೋರು, ಬೇಸಗೆಯಲ್ಲಿ ಕಡಮೆ. ಹಗಲಿನ ಶಕ್ತಿಯನ್ನು ರಾತ್ರಿಗೆ ಕೂಡಿಡಲು ದೊಡ್ಡ ಬ್ಯಾಟರಿಗಳಾದರೂ ಬೇಕು, ಇಲ್ಲವೇ ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ರಾತ್ರಿ ಕೆಳಕ್ಕೆ ಬಿಡುವ ವ್ಯವಸ್ಥೆಯಾದರೂ ಬೇಕು. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಅಂಥದೊಂದು ಯೋಜನೆ ಹೊರಟಿದ್ದು, ಸಿಂಗಳೀಕಗಳ ಕಾಡಿಗೆ ಕೇಡಾಗುವುದೆಂದು ಅದಕ್ಕೆ ಬಲವಾದ ವಿರೋಧವೂ ಎದ್ದಿದೆ. ಹಳೆಯದನ್ನು ಇಂದೇ ಮುಚ್ಚಿ ಹೊಸದನ್ನೇ ನಂಬಿ ಕುಳಿತರೆ ರಾತ್ರಿ ಕತ್ತಲೆ. ಹೊಸದನ್ನು ಅಲ್ಲಗಳೆದು ಹಳೆಯದನ್ನೇ ಉರಿಸುತ್ತಿದ್ದರೆ ಮುಂದಿನವರ ಬಾಳಿಗೆ ಕತ್ತಲೆ. ಆದುದರಿಂದ ಕೆಲವು ಕಾಲ ಎರಡನ್ನೂ ಇಟ್ಟುಕೊಂಡು, ಹಳೆಯದರ ಪಾಲನ್ನು ವರ್ಷ ವರ್ಷ ಇಳಿಸುತ್ತ ಬರುವುದೇ ವಿವೇಕ. ಇಷ್ಟರ ಮಟ್ಟಿಗೆ ತಿಳಿದವರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಾರದು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ ಮಾತು ಬೇರೆಯಿದೆ. ಯಾವ ಮೂಲ ಮೇಲೆಂದು ಚರ್ಚಿಸುವಾಗ ನಾವು ಹೊಗೆಯನ್ನು ಅಳೆಯುತ್ತೇವೆ, ಯೂನಿಟ್ಟಿನ ಬೆಲೆಯನ್ನು ಅಳೆಯುತ್ತೇವೆ. ಶಕ್ತಿ ಹುಟ್ಟುವ ಊರಿಗೆ ದಕ್ಕಿದ್ದೆಷ್ಟು ಎಂಬುದನ್ನು ಅಳೆಯುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ್ದು ಸಾಗರ, ಹೊಸನಗರ ಸೀಮೆಗಳ ಗದ್ದೆ ತೋಟಗಳು. ನೆಲೆ ಕಳೆದುಕೊಂಡ ಕುಟುಂಬಗಳು ಕಾಡಿನ ನಡುವೆ ಹೊಸ ಬಾಳು ಕಟ್ಟಿದವು; ಅವರ ಮೊಮ್ಮಕ್ಕಳ ಕಾಲಕ್ಕೂ ಭೂಮಿಯ ಹಕ್ಕಿನ ತಕರಾರು ಮುಗಿದಿಲ್ಲ. ಹಿನ್ನೀರಿನ ಆಚೆ ದ್ವೀಪದಂತಾದ ಹಳ್ಳಿಗಳ ಜನ ಲಾಂಚನ್ನು ನೆಚ್ಚಿ ಬದುಕಿದರು. ಸಿಗಂದೂರಿನ ಬಳಿ ಅವರಿಗೊಂದು ಸೇತುವೆ ಸಿದ್ಧವಾದದ್ದು 2025ರಲ್ಲಿ, ಎಂದರೆ ಅಣೆಕಟ್ಟು ಕಟ್ಟಿ 60 ವರ್ಷ ಮೀರಿದ ಮೇಲೆ! ನಾಡಿಗೆ ಬೆಳಕು ಕೊಟ್ಟವರಿಗೆ ನಾಡು ಕೊಟ್ಟ ಪ್ರತಿಫಲ ಇದು.

ಇದು ಹಳೆಯ ಮೂಲದ ಕಥೆ, ಹೊಸ ಮೂಲದಲ್ಲಿ ಹೀಗಾಗದು ಎನ್ನುವಿರಾ? ಪಾವಗಡದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟದ್ದನ್ನು ಮೆಚ್ಚಲೇಬೇಕು. ಅಲ್ಲಿ ರೈತನ ಭೂಮಿಯನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಸುವ ಕರಾರು ಮಾಡಿಕೊಂಡರು. ಬರಗಾಲದ ಮೇಲೆ ಬರಗಾಲ ಕಂಡ ಸೀಮೆಯಲ್ಲಿ, ಕಡಲೆಕಾಯಿ ಬಿತ್ತಿ ಬೀಜದ ಹಣವೂ ಹುಟ್ಟದಿದ್ದ ರೈತನಿಗೆ ಇದು ಸಣ್ಣ ಮಾತಲ್ಲ. ಆದರೆ ಗುತ್ತಿಗೆಯ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಕೆಲವರಿಗೆ ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಉಳಿದವರು ಕೂಲಿ ಹುಡುಕಿಕೊಂಡು ದೂರ ಹೋಗಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಭೂಮಿಯಿಲ್ಲದವರು ಯಾವ ಜಾತಿಗಳವರು, ಕೂಲಿ ಮಾಡುವವರಲ್ಲಿ ಹೆಂಗಸರೆಷ್ಟು ಎಂಬುದನ್ನು ಈ ಕಾಲೇಜಿನ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಬದಲಾಯಿತು, ಕೊನೆಯ ಸಾಲಿನವನ ಸ್ಥಾನ ಬದಲಾಗಲಿಲ್ಲ.

ಇದರಿಂದ ನನಗೆ ತೋರುವುದೇನೆಂದರೆ, ಬದಲಿ ಮೂಲವೊಂದೇ ಸಾಲದು, ಅದನ್ನು ಹಂಚುವ ರೀತಿಯೂ ಬದಲಾಗಬೇಕು. ಬಿಸಿಲಿಗೊಂದು ವಿಶೇಷ ಗುಣವಿದೆ. ಕಲ್ಲಿದ್ದಲನ್ನು ಒಂದೇ ಕಡೆ ರಾಶಿ ಹಾಕಿ ಸುಡಬೇಕು, ನದಿಗೆ ಒಂದೇ ಕಡೆ ಕಟ್ಟೆ ಕಟ್ಟಬೇಕು. ಬಿಸಿಲಾದರೋ ಎಲ್ಲರ ಮನೆಯ ಮೇಲೂ ಎಲ್ಲರ ಹೊಲದ ಮೇಲೂ ತಾನಾಗಿ ಬೀಳುತ್ತದೆ. ಅದನ್ನೂ ಒಂದೇ ಕಡೆ ಬೇಲಿ ಹಾಕಿ ಕೂಡಿಸಿ, ಅಲ್ಲಿಂದ ದೂರದೂರಕ್ಕೆ ತಂತಿ ಎಳೆಯುವುದಷ್ಟೇ ನಮ್ಮ ಗುರಿಯಾದರೆ, ಆ ಗುಣವನ್ನು ನಾವು ವ್ಯರ್ಥ ಮಾಡಿದಂತೆಯೇ.

ಒಂದು ಉದಾಹರಣೆ ಕೊಡುತ್ತೇನೆ. ರಾಜ್ಯದಲ್ಲಿ 30 ಲಕ್ಷಕ್ಕೂ ಮಿಕ್ಕಿ ನೀರಾವರಿ ಪಂಪುಸೆಟ್ಟುಗಳಿವೆ. ಅವಕ್ಕೆ ಬೇಕಾದ ತ್ರೀ ಫೇಸ್ ಕರೆಂಟನ್ನು ದಿನಕ್ಕೆ ಕೆಲವು ಗಂಟೆ ಸರದಿಯ ಮೇಲೆ ಕೊಡುತ್ತಾರೆ. ನಮ್ಮ ಊರಿಗೆ ರಾತ್ರಿಯ ಸರದಿ ಬಂದಾಗ ನಮ್ಮ ತಂದೆ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗಿ ಮೋಟಾರು ಹಾಕುತ್ತಾರೆ. ಅವರು ಹಿಂದಿರುಗುವವರೆಗೆ ನಮ್ಮವ್ವ ನಿದ್ದೆ ಮಾಡುವುದಿಲ್ಲ. ಹಗಲು ಸೂರ್ಯ ಧಾರಾಳವಾಗಿ ಸುರಿಯುವ ಶಕ್ತಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದ್ದೀತು? ನೀರೆತ್ತುವುದಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ. ಇಲ್ಲಿ ಶಕ್ತಿಯನ್ನು ಕೂಡಿಡುವ ತೊಂದರೆಯೂ ಇಲ್ಲ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ, ಸಬ್‌ಸ್ಟೇಷನ್ನಿನ ಸಮೀಪದಲ್ಲೇ ಸಣ್ಣ ಸೌರಸ್ಥಾವರ ಹೂಡಿ ಸುತ್ತಲಿನ ಪಂಪುಸೆಟ್ಟುಗಳಿಗೆ ಹಗಲು ಕರೆಂಟು ಕೊಡಲು ಅವಕಾಶವಿದೆ. ದೊಡ್ಡ ಉದ್ಯಾನಗಳಿಗೆ ತೋರಿದ ಉತ್ಸಾಹವನ್ನೇ ಇದಕ್ಕೂ ತೋರಿದರೆ ಸಾವಿರಾರು ರೈತರು ರಾತ್ರಿ ನೆಮ್ಮದಿಯಾಗಿ ಮಲಗಿಯಾರು.

ಸಣ್ಣ ಯೋಜನೆಗಳಲ್ಲಿ ಯೂನಿಟ್ಟಿಗೆ ಖರ್ಚು ಹೆಚ್ಚು, ದೊಡ್ಡದರಲ್ಲಿ ಕಡಮೆ ಎಂಬ ಆಕ್ಷೇಪಣೆಯುಂಟು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದಿದ ತತ್ವವೇ ಇದು, ಇದನ್ನು ತಳ್ಳಿಹಾಕುವಂತಿಲ್ಲ. ನಗರಕ್ಕೂ ಕಾರ್ಖಾನೆಗೂ ಶಕ್ತಿ ಬೇಕು, ಅದಕ್ಕೆ ದೊಡ್ಡ ಸ್ಥಾವರಗಳೂ ಇರಲಿ. ಆದರೆ ದೂರದ ತಂತಿಯಲ್ಲಿ ಸೋರಿಹೋಗುವ ಶಕ್ತಿ, ಕೆಲಸ ಕಳೆದುಕೊಂಡ ಕೂಲಿಯವನ ದಿನಗಳು, ಕತ್ತಲೆಯಲ್ಲಿ ಹೊಲಕ್ಕೆ ಹೋಗುವವನ ಪ್ರಾಣಭಯ ಇವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಯಾವುದು ಅಗ್ಗವೆಂದು ತೀರ್ಮಾನಿಸೋಣ. ಇನ್ನು 2024ರ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲೆ ಫಲಕ ಹಾಕಿಸಲು 78,000 ರೂಪಾಯಿಯವರೆಗೆ ಸಹಾಯಧನವಿದೆ. ಒಳ್ಳೆಯದೇ, ಆದರೆ ತಾರಸಿಯಿದ್ದವನಿಗೆ, ಉಳಿದ ಹಣವನ್ನು ಕೈಯಿಂದ ಹಾಕಬಲ್ಲವನಿಗೆ ಮಾತ್ರ ಅದು ಎಟಕುತ್ತದೆ. ತಗಡಿನ ಸೂರಿನವನಿಗಾಗಿ ಊರಿನ ಶಾಲೆಯ ಮೇಲೋ ಪಂಚಾಯಿತಿ ಕಟ್ಟಡದ ಮೇಲೋ ಹಾಕಿಸಿ ಪಾಲು ಕೊಡುವ ಏರ್ಪಾಡು ಏಕಾಗಬಾರದು?

ಊರೇ ಸೇರಿ ಶಕ್ತಿ ಉತ್ಪಾದಿಸಿದ ಪ್ರಯೋಗ ನಮ್ಮ ಜಿಲ್ಲೆಯಲ್ಲೇ ನಡೆದಿದೆ ಎಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಅಲ್ಲಿಯ ವಿದ್ವಾಂಸರು ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ತೆಗೆದಾಗ, ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಸೌದೆಯೆಂದೂ, ಅದನ್ನು ಹೊತ್ತು ತರುವವರಲ್ಲಿ ಹೆಂಗಸರೂ ಮಕ್ಕಳೂ ಬಹಳ ಮಂದಿಯೆಂದೂ ಕಂಡುಬಂದಿತು. ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಕೂಡಿಸಿ ಅನಿಲ ಮಾಡಿದರು. ಅಡಿಗೆಗೆ ಅದು ಸಾಲದೆಂದು ತಿಳಿದಾಗ, 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪವನ್ನೂ ಕೊಳಾಯಿಯ ನೀರನ್ನೂ ಕೊಟ್ಟರು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ವರ್ಷಗಳ ಕಾಲ ನಡೆದ ಆ ಏರ್ಪಾಡು ಮುಂದೆ ನಿಂತುಹೋಯಿತು. ನಿಂತಿತೆಂಬ ಕಾರಣಕ್ಕೆ ಅದನ್ನು ಮರೆಯುವುದು ತರವಲ್ಲ. ಊರಿಗೆ ಏನು ಬೇಕೆಂದು ಊರನ್ನೇ ಕೇಳಿ, ತಪ್ಪಿದಲ್ಲಿ ತಿದ್ದಿಕೊಂಡು ಮುಂದುವರಿದ ಆ ಕ್ರಮ ಇಂದಿಗೂ ಆದರ್ಶವೇ.

ಈಗಲೂ ನಮ್ಮ ಮನೆಯಲ್ಲಿ ಚಹಾಕ್ಕೆ ಸಿಲಿಂಡರು, ಮುದ್ದೆಗೂ ಬಚ್ಚಲ ಹಂಡೆಗೂ ಸೌದೆ. ಸಾಂಪ್ರದಾಯಿಕ, ಬದಲಿ ಎಂಬ ಎರಡು ಪಟ್ಟಿಗಳಲ್ಲಿ ಹೊಗೆಯ ಮುಂದೆ ಕುಳಿತ ಹೆಂಗಸಿನ ಒಲೆಗೆ ಜಾಗವೇ ಇಲ್ಲದಿರುವುದು ಸೋಜಿಗದ ಸಂಗತಿ.

ಸಹಪಾಠಿಗಳೇ, ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಇನ್ನು ಕೆಲವೇ ದಿನಗಳಲ್ಲಿ ಪದವೀಧರರೆನಿಸಿ ಉಪಾಧ್ಯಾಯರೋ, ಗುಮಾಸ್ತರೋ, ಪಂಚಾಯಿತಿಯ ಅಧಿಕಾರಿಗಳೋ ಆಗುವವರು. ನಾಳೆ ನಮ್ಮ ಊರಿಗೊಂದು ಗಾಳಿಯಂತ್ರದ ಅಥವಾ ಸೌರ ಉದ್ಯಾನದ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಎದ್ದುನಿಂತು ಮೂರು ಪ್ರಶ್ನೆ ಕೇಳೋಣ: ಈ ಶಕ್ತಿಯಲ್ಲಿ ಊರಿನ ಪಾಲೆಷ್ಟು? ಭೂಮಿಯಿಲ್ಲದವನಿಗೆ ಇದರಿಂದ ಏನು? ಕರಾರಿನ ಅವಧಿ ಮುಗಿದ ಮೇಲೆ ಭೂಮಿ ಯಾವ ಸ್ಥಿತಿಯಲ್ಲಿ ಹಿಂದಿರುಗುತ್ತದೆ? ಕರಾರು ಪತ್ರವನ್ನು ಓದಿ ಊರಿನವರಿಗೆ ಕನ್ನಡದಲ್ಲಿ ತಿಳಿಯಹೇಳುವಷ್ಟಾದರೂ ನಮ್ಮ ವಿದ್ಯೆ ಉಪಯೋಗಕ್ಕೆ ಬರಲಿ. ನಮ್ಮನ್ನು ಓದಿಸಿದ ತಂದೆತಾಯಿಗಳು ನಮ್ಮಿಂದ ಬಯಸುವುದೂ ಇದಕ್ಕಿಂತ ಹೆಚ್ಚೇನಲ್ಲ.