ದೂರು ಪೆಟ್ಟಿಗೆ ಕನ್ನಡವನ್ನೂ ಓದಲಿ

ಬದಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ನಡೆದ ದೌರ್ಜನ್ಯದ ಬಳಿಕ, 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರ್ಕಾರವು ಶಾಲೆಗಳಲ್ಲಿ ಸಿಸಿಟಿವಿ, ದೂರು ಪೆಟ್ಟಿಗೆ ಹಾಗೂ ‘ಸಖಿ ಸಾವಿತ್ರಿ’ ಸಮಿತಿಗಳ ಕುರಿತು ಕಟ್ಟುನಿಟ್ಟಿನ ಆದೇಶ ಹೊರಡಿಸಿತು. ಸಮಿತಿ ರಚಿಸಬೇಕೆಂಬ ಆದೇಶವಾದರೋ 2022ರದ್ದೇ! ದಾಳಿಂಬದಂತಹ ಗಡಿಯೂರುಗಳಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಗು ತನ್ನ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕು?

ಚೇಷ್ಟೆಗೂ ಕಿರುಕುಳಕ್ಕೂ ನಡುವೆ ಗೆರೆಯಿದೆ. ಬೇಡವೆಂದರೂ ನಿಲ್ಲದಿರುವುದು, ಒಬ್ಬರನ್ನೇ ಗುರಿಯಾಗಿಸಿ ಗುಂಪುಗೂಡಿ ಪದೇಪದೇ ಕಾಡುವುದು ಚೇಷ್ಟೆಯಲ್ಲ. ಉಚ್ಚಾರಣೆಯನ್ನು ಅಣಕಿಸುತ್ತಲೇ ಇರುವುದು, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಹರಿಬಿಟ್ಟು ಅವಮಾನಿಸುವುದು ಕೂಡ ಕಿರುಕುಳವೇ. ಇದನ್ನು ‘ಹುಡುಗಾಟ’ವೆಂದು ಹಿರಿಯರು ತಳ್ಳಿಹಾಕುವುದನ್ನು ನಾವು ಒಪ್ಪಲಾರೆವು.

ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆಯಿದೆ. ಅದರ 19ನೇ ಕಲಮನ್ನು ಗಡಿ ಕನ್ನಡಿಗರು ವಿಶೇಷವಾಗಿ ಅರಿತಿರಬೇಕು: ದೂರು ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನು ಒದಗಿಸಲೇಬೇಕು. ಕೃತ್ಯ ನಡೆದದ್ದು ತಿಳಿದೂ ವರದಿ ಮಾಡದಿರುವುದು ಅಪರಾಧ. ಊರ ಹಿರಿಯರೆದುರು ರಾಜಿ ಮಾಡಿಸಹೊರಡುವವರು ಇದನ್ನು ಗಮನಿಸಲಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ನೊಂದ ಮಗು ಬಾಯಿಬಿಡದಿದ್ದರೆ, ಕಂಡ ಸಹಪಾಠಿಯೂ ಕರೆ ಮಾಡಬಹುದು.

ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಪಾಲಕರು ಮುಂದಿನ ಸಭೆಯಲ್ಲೇ ಎರಡು ಬೇಡಿಕೆ ಇಡಬೇಕು: ದೂರು ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಸೂಚನೆ, ಸಖಿ ಸಾವಿತ್ರಿ ಸಮಿತಿಯಲ್ಲಿ ಕನ್ನಡ ಬಲ್ಲ ಒಬ್ಬ ತಾಯಿ.